ಸುಡುಮಣ್ಣು ಹಾಕಲು ಹೋಗಿ ಗುಡ್ಡೆಗೆ ಬೆಂಕಿ ಬಿದ್ದದ್ದು, ಆಮೇಲೆ ಕಟ್ಟಿದ ಕಲ್ಲಿನ ಗುಂಡಿ

ಮಾರ್ಚ್ 23, 2025

ನಿನ್ನೆ ಕೊನೆಯ ಬುಟ್ಟಿ ಜರಡಿ ಹಿಡಿದು ಗೋಣಿಗೆ ತುಂಬಿಸಿದೆ. ಒಟ್ಟು 36 ಬುಟ್ಟಿ ಸುಡುಮಣ್ಣು, ಅಂದರೆ ಕಸದ ಜೊತೆ ಸುಟ್ಟು ಮಾಡಿದ ಗೊಬ್ಬರದ ಮಣ್ಣು. ಕಪ್ಪು, ಹುಡಿ ಹುಡಿ, ಮೂಗಿನ ಹತ್ತಿರ ಹಿಡಿದರೆ ಇನ್ನೂ ಹೊಗೆಯ ವಾಸನೆ. ಈ ಮಳೆಗಾಲದ ಬೆಂಡೆ, ಅಲಸಂಡೆ, ಮುಳ್ಳುಸೌತೆಗೆ ಸಾಕು. ಬಸಳೆ ಬುಡಕ್ಕೂ ಸ್ವಲ್ಪ ಉಳಿಯುತ್ತದೆ.

ಆದರೆ ಈ 36 ಬುಟ್ಟಿಗೆ ಆರು ವಾರ ಹಿಡಿಯಿತು. ಮೊದಲ ಸಲ ಹಾಕಿದ ಬೆಂಕಿ ಕೈ ತಪ್ಪಿ ಗುಡ್ಡೆ ಹತ್ತಿತು. ಎರಡನೆಯದು ಆರಿಹೋಯಿತು. ಮೂರನೆಯದು ಸರಿಯಾಯಿತು ಅಂದುಕೊಂಡಿದ್ದೆ, ನಾಲ್ಕನೇ ದಿನ ನೆಲದೊಳಗಿಂದ ಬೇರೆ ಕಡೆ ಹೊಗೆ ಎದ್ದಿತು. ನಮ್ಮ ಊರ ಕಡೆ ಸುಡುಮಣ್ಣು ಹಾಕುವವರು ಇನ್ನೂ ತುಂಬ ಜನ ಇದ್ದಾರೆ. ಅವರಿಗಾಗಿ ಆದದ್ದನ್ನು ಆದ ಹಾಗೆಯೇ ಬರೆದಿಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಒಣ ಗೆಲ್ಲು, ತರಗೆಲೆ, ತೆಂಗಿನ ಕಸ ರಾಶಿ ಹಾಕಿ, ಅದರ ಮೇಲೆ ಹುಲ್ಲಿನ ಬೇರು ಸಮೇತ ಕೆರೆದ ಮಣ್ಣು ಮುಚ್ಚಿ, ಒಳಗೊಳಗೇ ನಾಲ್ಕೈದು ದಿನ ಉರಿಯಲು ಬಿಡುವುದು. ಬೂದಿ, ಇದ್ದಿಲು, ಸುಟ್ಟ ಮಣ್ಣು ಎಲ್ಲ ಸೇರಿ ತರಕಾರಿಗೆ ಒಳ್ಳೆಯ ಗೊಬ್ಬರ. ಕಳೆಯ ಬೀಜ, ಹುಳದ ಮೊಟ್ಟೆ ಅದರಲ್ಲಿ ಉಳಿಯುವುದಿಲ್ಲ. ನನಗೆ ಕಲಿಸಿದ್ದು ಅತ್ತೆ. ಅವರಿಗೆ ಈಗ 74. ನಲವತ್ತು ವರ್ಷ ಪ್ರತಿ ಬೇಸಗೆಗೂ ಹಾಕಿದ್ದಾರೆ, ಒಮ್ಮೆಯೂ ಬೆಂಕಿ ಹೊರಗೆ ಹೋಗಿರಲಿಲ್ಲ.

ನಮ್ಮ ಜಾಗ ಉಡುಪಿ ಜಿಲ್ಲೆಯ ಪೆರ್ಡೂರಿನ ಹತ್ತಿರ. ಪಡು (ಪಶ್ಚಿಮ) ಬದಿಯಲ್ಲಿ ಕೆಳಗೆ ಗದ್ದೆ ಮತ್ತು ತೋಡು (ಹಳ್ಳ). ನಡುವೆ ಮನೆ, ತೆಂಗು, 20 ಸೆಂಟ್ಸ್ ತರಕಾರಿ ಜಾಗ. ಮೂಡು (ಪೂರ್ವ) ಬದಿಯಲ್ಲಿ ಏರು, ಅದರ ಮೇಲೆ ಮುರಕಲ್ಲಿನ (ಕೆಂಪುಕಲ್ಲಿನ) ಪದವು, ಅಂದರೆ ಗುಡ್ಡೆಯ ಮೇಲಿನ ಬಯಲು. ಪದವು ತುಂಬ ಮುಳಿಹುಲ್ಲು. ಈ ದಿಕ್ಕುಗಳು ನೆನಪಿರಲಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಫೆಬ್ರವರಿ 9, ಭಾನುವಾರ: ಮೊದಲ ಬೆಂಕಿ

ತರಕಾರಿ ಜಾಗದ ಮೇಲಿನ ಅಂಚಿನಲ್ಲಿ ರಾಶಿ ಹಾಕಿದೆ. 6 ಅಡಿ ಅಗಲ, ಎದೆ ಎತ್ತರ. ಅತ್ತೆ ಯಾವಾಗಲೂ ಹಾಕುತ್ತಿದ್ದ ಜಾಗವೇ ಅದು. ಸುತ್ತ 3 ಅಡಿ ಹಿಡಿಸೂಡಿಯಲ್ಲಿ ಗುಡಿಸಿದೆ. ತರಗೆಲೆ ಹೋಯಿತು, ಹುಲ್ಲಿನ ಬುಡ ಹಾಗೆಯೇ ಇತ್ತು.

ಬೆಳಗಿನ ಕೆಲಸವೆಲ್ಲ ಮುಗಿಸಿ ಬೆಂಕಿ ಕೊಡುವಾಗ ಹತ್ತೂವರೆ. ಗಾಳಿ ಮೂಡಿನಿಂದ ಮೆಲ್ಲಗೆ ಬರುತ್ತಿತ್ತು, ಹೊಗೆ ಮನೆಯ ಕಡೆ ಹೋಗುತ್ತಿತ್ತು. ಒಂದು ಗಂಟೆ ಚೆನ್ನಾಗಿಯೇ ನಡೆಯಿತು. ಹನ್ನೆರಡಕ್ಕೆ ಸ್ವಲ್ಪ ಮೊದಲು ಅನ್ನ ಬಸಿಯಲು ಒಳಗೆ ಹೋದೆ. ಹೆಚ್ಚೆಂದರೆ ಐದು ನಿಮಿಷ. ಅಷ್ಟರಲ್ಲಿ ಪಡುಗಾಳಿ ಶುರುವಾಗಿತ್ತು.

ಕರಾವಳಿಯಲ್ಲಿ ಇರುವವರಿಗೆ ಇದು ಹೊಸ ವಿಷಯ ಅಲ್ಲ. ಬೇಸಗೆಯಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಗಾಳಿ, ನಡು ಮಧ್ಯಾಹ್ನದ ಹೊತ್ತಿಗೆ ಕಡಲ ಕಡೆಯಿಂದ ಗಾಳಿ. ದಿನಾ ಬಟ್ಟೆ ಒಣಗಿಸುವಾಗ ನೋಡುತ್ತೇವೆ ಅಲ್ವಾ. ಬೆಂಕಿ ಕೊಡುವಾಗ ಅದು ನನ್ನ ತಲೆಗೆ ಬರಲಿಲ್ಲ. ರಾಶಿಯ ಒಂದು ಬದಿಯಲ್ಲಿ ಮಣ್ಣು ಜಾರಿ ಉರಿ ಹೊರಗೆ ಬಂದಿತ್ತು. ಅರ್ಧ ಉರಿದ ಸಾಗುವಾನಿ ಎಲೆಯೊಂದು ಹಾರಿ ಮುಳಿಹುಲ್ಲಿನ ಮೇಲೆ ಬಿತ್ತು. ಗಾಳಿಯೂ ಏರಿನ ಕಡೆ, ಬೆಂಕಿಯೂ ಏರನ್ನೇ ಹುಡುಕುತ್ತದೆ. ನಾನು ಹೊರಗೆ ಬರುವಾಗ ಉರಿ ಸೊಂಟದ ಎತ್ತರಕ್ಕೆ ಇತ್ತು.

ಪೈಪ್ ಹಿಡಿದು ಓಡಿದೆ. ಕರೆಂಟ್ ಇರಲಿಲ್ಲ, ಬಾವಿಯ ಪಂಪ್ ನಡೆಯಲಿಲ್ಲ. ಹಟ್ಟಿಯ ತೊಟ್ಟಿಯಿಂದ ಕೊಡಪಾನದಲ್ಲಿ ನೀರು ಹೊತ್ತೆ. ಒಂದು ಕೊಡಪಾನ ತಂದು ಸುರಿದು ವಾಪಸು ಹೋಗಿ ಬರುವಾಗ ಬೆಂಕಿ ಹತ್ತು ಹೆಜ್ಜೆ ಮುಂದೆ ಹೋಗಿರುತ್ತಿತ್ತು. ನಾನು ಉರಿಯ ಎದುರಿಗೆ, ಏರಿನ ಮೇಲೆ ನಿಂತು ನೀರು ಸುರಿಯುತ್ತಿದ್ದೆ. ಮೇಲಿನ ಮನೆಯ ಅಣ್ಣ ಹೊಗೆ ನೋಡಿ ಓಡಿ ಬಂದರು. ಕೈಯಲ್ಲಿ ಗೇರಿನ ಹಸಿ ಗೆಲ್ಲು.

"ಎದುರು ಎಂತಕ್ಕೆ ನಿಂತಿದ್ದೀರಿ ಮಾರಾಯ್ರೆ? ಈಚೆ ಬನ್ನಿ, ಸುಟ್ಟದ್ದರ ಮೇಲೆ ನಿಂತು ಬದಿಯಿಂದ ಬಡಿಯಿರಿ."

ಇದನ್ನು ಎಲ್ಲರೂ ತಿಳಿದಿರಬೇಕು. ಉರಿಯ ಮುಂದೆ ಹೋಗಬಾರದು, ಏರಿನ ಮೇಲೆ ನಿಲ್ಲಲೇಬಾರದು. ಈಗಾಗಲೇ ಸುಟ್ಟು ಕಪ್ಪಾದ ನೆಲದ ಮೇಲೆ ನಿಂತು, ಎರಡೂ ಬದಿಗಳಿಂದ ಕಿರಿದು ಮಾಡುತ್ತಾ ಹೋಗಬೇಕು. ಹಸಿ ಗೆಲ್ಲನ್ನು ಎತ್ತಿ ಬೀಸಿದರೆ ಕಿಡಿ ಹಾರುತ್ತದೆ. ನೆಲಕ್ಕೆ ಒತ್ತಿ ಎಳೆಯಬೇಕು. ಐದು ಮಂದಿ ಸೇರಿ 40 ನಿಮಿಷ ಬಡಿದೆವು. ಕೊನೆಗೆ ನಿಂತದ್ದು ಮೇಲಿನ ಮಣ್ಣಿನ ರಸ್ತೆ ಸಿಕ್ಕಿದ ಮೇಲೆ. ಆ ರಸ್ತೆ ಇಲ್ಲದಿದ್ದರೆ ಆಚೆ ಬದಿಯ ಗೇರು ತೋಪಿಗೇ ಹೋಗುತ್ತಿತ್ತು.

ಸುಟ್ಟದ್ದು ಸುಮಾರು 30 ಸೆಂಟ್ಸ್. ಅಣ್ಣನ ಐದು ಕಸಿ ಗೇರು ಗಿಡ, ಅವಕ್ಕೆ ಹಾಕಿದ್ದ ಹನಿ ನೀರಾವರಿ ಪೈಪ್. ಅವರು ದುಡ್ಡು ಬೇಡ ಅಂದರು. ನಾನು ಒಪ್ಪಲಿಲ್ಲ. ಪೈಪಿಗೆ 1,850, ಗಿಡಕ್ಕೆ 400 ರೂಪಾಯಿ ಕೊಟ್ಟೆ. ಹುಲ್ಲಿನಲ್ಲಿ ಗೂಡು ಮಾಡಿದ್ದ ಹಕ್ಕಿಗಳ ಲೆಕ್ಕ ಯಾರಿಗೆ ಕೊಡುವುದು? ಸಂಜೆ ಆ ಕಪ್ಪು ನೆಲದ ಮೇಲೆ ಎರಡು ಟಿಟ್ಟಿಭ ಕೂಗುತ್ತಾ ಸುತ್ತುತ್ತಿದ್ದವು. ಅದು ಇವತ್ತಿಗೂ ಕಣ್ಣಿಂದ ಹೋಗಿಲ್ಲ.

ನಾನು ಹಾಕಿದ್ದು ನೈಲಾನ್ ನೈಟಿ, ಕಾಲಿಗೆ ಹವಾಯಿ ಚಪ್ಪಲಿ. ನೈಟಿಯಲ್ಲಿ ಕಿಡಿ ಬಿದ್ದು ಏಳು ತೂತು. ಬಟ್ಟೆ ಕರಗಿ ಚರ್ಮಕ್ಕೆ ಅಂಟಲಿಲ್ಲ ಅನ್ನುವುದೇ ಪುಣ್ಯ. ಎಡ ಹಿಮ್ಮಡಿ ಸುಟ್ಟಿತು. ಅತ್ತೆ ಗಾಬರಿಯಲ್ಲಿ ಟೂತ್‌ಪೇಸ್ಟ್ ಹಚ್ಚಿದರು. ಆಸ್ಪತ್ರೆಯಲ್ಲಿ ಸಿಸ್ಟರ್ ಅದನ್ನು ಬಿಡಿಸುವಾಗ ಸುಟ್ಟದ್ದಕ್ಕಿಂತ ಜಾಸ್ತಿ ನೋವಾಯಿತು. ಸುಟ್ಟ ಕೂಡಲೇ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಪೇಸ್ಟ್, ಎಣ್ಣೆ, ಶಾಯಿ, ಐಸ್ ಯಾವುದೂ ಬೇಡ. ಮದ್ದಿಗೆ 340 ರೂಪಾಯಿ.

ಇನ್ನೊಂದು ತಪ್ಪು ಬರೆಯಲೇಬೇಕು. ನಾನು 101ಕ್ಕಾಗಲಿ 112ಕ್ಕಾಗಲಿ ಕರೆ ಮಾಡಲಿಲ್ಲ. ನಮ್ಮಿಂದಲೇ ಆಗುತ್ತದೆ ಅಂದುಕೊಂಡೆ. ಉಡುಪಿಯಿಂದ ನಮ್ಮಲ್ಲಿಗೆ ಅಗ್ನಿಶಾಮಕ ವಾಹನ ಬರಲು ಅರ್ಧ ಗಂಟೆಯ ಮೇಲೆ ಬೇಕು. ದೂರ ಇದ್ದವರು ಮೊದಲ ನಿಮಿಷದಲ್ಲೇ ಕರೆ ಮಾಡಬೇಕು, ಆಮೇಲೆ ಗೆಲ್ಲು ಕಡಿಯಬೇಕು. ಬೆಂಕಿ ಆರಿದರೆ ಬೇಡ ಅಂತ ಇನ್ನೊಂದು ಕರೆ ಮಾಡಿದರಾಯಿತು.

ಫೆಬ್ರವರಿ 11: ಕೇಳಿ ತಿಳಿದದ್ದು

ಕಾಲಿಗೆ ಬಟ್ಟೆ ಕಟ್ಟಿಕೊಂಡೇ ಪಂಚಾಯತಿಗೆ ಹೋದೆ. ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ ಮಾತನಾಡಿದೆ. ಕಾನೂನಿನ ವಿಷಯ ಇಷ್ಟು.

ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ರಸ್ತೆಯಲ್ಲಿ, ಸಾರ್ವಜನಿಕ ಜಾಗದಲ್ಲಿ, ಚರಂಡಿಯಲ್ಲಿ ಕಸ ಸುಡುವ ಹಾಗಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಬಯಲಲ್ಲಿ ಕಸ ಸುಡುವುದನ್ನು ದೇಶದಲ್ಲೆಲ್ಲ ನಿಲ್ಲಿಸಿ ಆದೇಶ ಕೊಟ್ಟಿದೆ. ಸಾಧಾರಣ ಸುಟ್ಟರೆ 5,000, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ. ಇನ್ನು ಬೆಂಕಿಯ ವಿಷಯದಲ್ಲಿ ಅಜಾಗ್ರತೆ ಮಾಡಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ. ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. "ನನ್ನ ಜಾಗದಲ್ಲೇ ಹಾಕಿದ್ದು" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಮೀಸಲು ಅರಣ್ಯಕ್ಕೆ ಬೆಂಕಿ ಹೋದರೆ ಕರ್ನಾಟಕ ಅರಣ್ಯ ಕಾಯ್ದೆ 1963 ಬೇರೆ ಇದೆ.

ನನಗೆ ಹೆದರಿಕೆ ಆದದ್ದು ಕುಮ್ಕಿಯ ವಿಷಯದಲ್ಲಿ. ಸುಟ್ಟ 30 ಸೆಂಟ್ಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕುಮ್ಕಿ ಜಾಗ. ನಮ್ಮ ವರ್ಗ (ಸ್ವಂತ ಪಟ್ಟಾ) ಜಾಗದಿಂದ 100 ಗಜದವರೆಗಿನ ಸರಕಾರಿ ಜಾಗ ಅದು. ಸೊಪ್ಪು, ತರಗೆಲೆ, ಹುಲ್ಲು ತರಲು ನಮಗೆ ಅವಕಾಶ ಇದೆ. ಬೆಂಕಿ ಹಾಕಲು ಇಲ್ಲ. ಹೀಗೆ ಸರಕಾರಿ ಜಾಗ ಸುಟ್ಟದ್ದನ್ನು ಪಂಚಾಯತಿಯಲ್ಲಿ ನಾನೇ ಬಾಯಿಬಿಟ್ಟು ಹೇಳಿದೆ. ಮುಂದೆ ಜಾಗ್ರತೆ ಮಾಡಿ, ಬೆಂಕಿ ಕೊಡುವ ಹಿಂದಿನ ದಿನ ಇಲ್ಲಿಗೂ ಠಾಣೆಗೂ ಹೇಳಿ, ಪ್ಲಾಸ್ಟಿಕ್ ಒಂದು ಚೂರೂ ಸೇರಿಸಬೇಡಿ ಅಂದರು.

ಉಡುಪಿ ನಗರಸಭೆ, ಮಂಗಳೂರು ಮಹಾನಗರ ಪಾಲಿಕೆಯ ಒಳಗೆ ಇರುವವರಿಗೆ ನಾನು ಹೇಳುವುದು ಬೇರೆ. ಮನೆ ಮನೆ ತಾಗಿಕೊಂಡಿರುವಲ್ಲಿ ಸುಡುಮಣ್ಣೂ ಬೇಡ, ತರಗೆಲೆಗೆ ಬೆಂಕಿಯೂ ಬೇಡ. ಎಲೆಯನ್ನು ಮೂಲೆಯಲ್ಲಿ ರಾಶಿ ಹಾಕಿ, ಸೆಗಣಿ ನೀರು ಚಿಮುಕಿಸಿದರೆ ಗೊಬ್ಬರ ಆಗುತ್ತದೆ.

ಫೆಬ್ರವರಿ 15, 16: ಜಾಗ ಬದಲು, ಕೆರೆದ ಗೆರೆ

ಅತ್ತೆ ನಲವತ್ತು ವರ್ಷ ಹಾಕಿದ ಜಾಗದಲ್ಲಿ ಈಗ ಯಾಕೆ ಹೀಗಾಯಿತು ಅಂತ ಎರಡು ದಿನ ಯೋಚಿಸಿದೆ. ಉತ್ತರ ಅತ್ತೆಯೇ ಹೇಳಿದರು. "ಆಗ ಗುಡ್ಡೆಯಲ್ಲಿ ಹುಲ್ಲು ಎಲ್ಲಿತ್ತು? ಮಾಡಿಗೆ ಹೊದಿಸಲು ಎಲ್ಲ ಕೊಯ್ಯುತ್ತಿದ್ದೆವಲ್ಲ." ನಿಜ. ಮುಳಿಹುಲ್ಲಿನ ಮಾಡು ಇದ್ದ ಕಾಲದಲ್ಲಿ ಬೇಸಗೆ ಬರುವ ಮೊದಲೇ ಪದವು ಬೋಳಾಗುತ್ತಿತ್ತು. ಉಳಿದದ್ದನ್ನು ದನ ಮೇಯುತ್ತಿತ್ತು. ಈಗ ಹಂಚು, ತಾರಸಿ. ಊರಿನಲ್ಲಿ ದನವೂ ಕಡಿಮೆ. ಹುಲ್ಲು ಸೊಂಟದೆತ್ತರ ಬೆಳೆದು ಒಣಗಿ ನಿಂತಿರುತ್ತದೆ. ಅತ್ತೆಯ ಕ್ರಮ ಸರಿಯಾಗಿಯೇ ಇತ್ತು, ಸುತ್ತಲಿನ ಜಾಗ ಬದಲಾಗಿತ್ತು. ಹಿರಿಯರು ಮಾಡುತ್ತಿದ್ದರು ಅಂತ ಅದೇ ಜಾಗದಲ್ಲಿ ಹಾಗೇ ಮಾಡುವವರು ಇದನ್ನು ದಯವಿಟ್ಟು ಗಮನಿಸಿ.

ಹೊಸ ಜಾಗ ತರಕಾರಿ ಜಾಗದ ನಡುವೆ. ಮನೆಯಿಂದ 90 ಅಡಿ, ಹಟ್ಟಿಯ ಬೈಹುಲ್ಲು ರಾಶಿಯಿಂದ 110 ಅಡಿ, ಹತ್ತಿರದ ತೆಂಗಿನ ಮರದಿಂದ 30 ಅಡಿ. ಮೇಲೆ ಕರೆಂಟ್ ತಂತಿ ಇಲ್ಲ, ಮರದ ಗೆಲ್ಲು ಇಲ್ಲ. ಮೊದಲು ನಾನು ಗುರುತು ಹಾಕಿದ್ದು ಮಾವಿನ ಮರದ ಹತ್ತಿರ, ನೆರಳು ಇರಲಿ ಅಂತ. ಮೇಲಿನ ಮನೆಯ ಅಣ್ಣ ಬಂದು ತಲೆ ಎತ್ತಿ ನೋಡಿ ಬೇಡ ಅಂದರು. ಬಿಸಿಗೆ ಎಲೆ ಬಾಡಿ ಒಣಗಿದರೆ ಅದೇ ಕಿಡಿಗೆ ದಾರಿ.

ಗುಂಡಿಯ ಸುತ್ತ 12 ಅಡಿ ಬರಿ ಮಣ್ಣು ಕಾಣುವವರೆಗೆ ಹಾರೆಯಲ್ಲಿ ಕೆರೆಸಿದೆ. ಈ ಸಲ ಹುಲ್ಲಿನ ಬೇರು ಸಮೇತ. ಅಲ್ಲಿಂದ ಬಂದ ಮಣ್ಣೇ ಸುಡುಮಣ್ಣಿಗೆ ಆಯಿತು, ಎರಡೂ ಕೆಲಸ ಒಟ್ಟಿಗೆ. ಏರಿನ ಬದಿ, ಅಂದರೆ ಮೂಡಿಗೆ, 20 ಅಡಿ. ಅದರಾಚೆ ಪದವಿನ ಅಂಚಿನಲ್ಲಿ ಇನ್ನೊಂದು 15 ಅಡಿ ಅಗಲಕ್ಕೆ ಮೆಷಿನ್‌ನಿಂದ ಹುಲ್ಲು ಕತ್ತರಿಸಿ, ಕತ್ತರಿಸಿದ್ದನ್ನು ಎಳೆದು ತೆಗೆದೆವು. ಮೊದಲ ದಿನ ಹುಲ್ಲನ್ನು ಅಲ್ಲೇ ಬಿಟ್ಟಿದ್ದೆ. ಬಿಸಿಲಿಗೆ ಒಂದೇ ದಿನದಲ್ಲಿ ಗರಿಗರಿ ಒಣಗಿತು. ಕತ್ತರಿಸಿ ಬಿಡುವುದೂ ಒಂದೇ, ಕತ್ತರಿಸದೆ ಇರುವುದೂ ಒಂದೇ.

ಮೆಷಿನ್‌ಗೆ ಗಂಟೆಗೆ 450ರ ಹಾಗೆ ಎರಡೂವರೆ ಗಂಟೆ, 1,125. ಕೆರೆಯಲು ಇಬ್ಬರು ಒಂದು ದಿನ, 1,500. ಕಬ್ಬಿಣದ ಹಲ್ಲಿನ ರೇಕ್ 380.

ಫೆಬ್ರವರಿ 22: ಕಲ್ಲಿನ ಬಳೆ

ಮೊದಲ ಸಲ ಉರಿ ಹೊರಗೆ ಬಂದದ್ದು ರಾಶಿಯ ಬದಿಯ ಮಣ್ಣು ಜಾರಿದ್ದರಿಂದ. ಹಾಗಾಗಿ ಬದಿ ಜಾರದ ಹಾಗೆ ಕಲ್ಲು ಇಡಬೇಕು ಅಂತ ಅನಿಸಿತು. ಹಳೆಯ ಹಟ್ಟಿ ಬೀಳಿಸಿದ ಮುರಕಲ್ಲು ಮೂಲೆಯಲ್ಲಿತ್ತು. ಒಂದೊಂದು ಸುಮಾರು 15 ಇಂಚು ಉದ್ದ. ಗೂಟಕ್ಕೆ ಮೂರೂವರೆ ಅಡಿ ಹಗ್ಗ ಕಟ್ಟಿ ಸುತ್ತು ಎಳೆದೆ. ಒಳಗಿನ ಅಗಲ 7 ಅಡಿ. ಒಳಗೆ 9 ಇಂಚು ತಗ್ಗು ಮಾಡಿದೆ, ಕೆಳಗೆ ಗಟ್ಟಿ ಮುರ ಸಿಕ್ಕಿತು.

ಮೊದಲ ಸಾಲಿಗೆ 16 ಕಲ್ಲು. ನಾಲ್ಕು ಕಡೆ 6 ಇಂಚಿನ ಸಂದು ಬಿಟ್ಟೆ, ಗಾಳಿಗೆ. ಎರಡನೇ ಸಾಲಿಗೆ 17 ಕಲ್ಲು, ಒಂದು ತುಂಡು. ಅದರಲ್ಲಿ ಸಂದು ಇಲ್ಲ. ಸಿಮೆಂಟ್ ಹಾಕಲಿಲ್ಲ, ಸುಮ್ನೆ ಜೋಡಿಸಿದ್ದು. ಮಣ್ಣು ತೆಗೆಯುವಾಗ ಒಂದು ಬದಿ ಬಿಚ್ಚಲು ಆಗಬೇಕು. ತೋಡಿನಿಂದ ದುಂಡು ಕಲ್ಲು ತರುತ್ತೇನೆ ಅಂತ ಮಗ ಹೊರಟಿದ್ದ. ನೀರಿನಲ್ಲಿದ್ದ ಕಲ್ಲು ಬೆಂಕಿಗೆ ಬಿದ್ದರೆ ಒಳಗಿನ ತೇವ ಆವಿಯಾಗಿ ಸಿಡಿಯಬಹುದು. ಬೇಡ ಅಂದೆ.

ನೀರಿಗೆ 200 ಲೀಟರ್‌ನ ಹಳೆ ಡ್ರಮ್ 700 ರೂಪಾಯಿಗೆ ಸಿಕ್ಕಿತು. 30 ಮೀಟರ್ ಹೊಸ ಪೈಪ್ 1,050. ಡ್ರಮ್ ತುಂಬಿಸಿ ಗುಂಡಿಯಿಂದ 15 ಅಡಿಯಲ್ಲಿ ಇಟ್ಟೆ. ಕರೆಂಟ್ ನಂಬಿ ಬೆಂಕಿ ಹಾಕುವುದು ಇನ್ನು ಇಲ್ಲ. ಬೆನ್ನಿಗೆ ಹಾಕುವ 16 ಲೀಟರ್ ಸ್ಪ್ರೇ ಪಂಪ್ ಮನೆಯಲ್ಲೇ ಇತ್ತು, ಬೋರ್ಡೋ ಔಷಧಿ ಹೊಡೆಯುವಂಥದ್ದು. ಮೂರು ಸಲ ತೊಳೆದು ನೀರು ತುಂಬಿಸಿದೆ. ಹುಲ್ಲಿನ ಸಣ್ಣ ಉರಿಗೆ ಅದು ಕೊಡಪಾನಕ್ಕಿಂತ ಎಷ್ಟೋ ಒಳ್ಳೆಯದು.

ಮಾರ್ಚ್ 2, ಭಾನುವಾರ: ಎರಡನೇ ಬೆಂಕಿ, ಆರಿಹೋದದ್ದು

ಈ ಸಲ ಹೆದರಿಕೆ ಜಾಸ್ತಿಯಾಗಿ ಎಲ್ಲವನ್ನೂ ಅತಿ ಮಾಡಿದೆ. ಮಣ್ಣು 9 ಇಂಚು ದಪ್ಪ ಹಾಕಿದೆ, ಅದೂ ನಳ್ಳಿಯ ಹತ್ತಿರದ ಒದ್ದೆ ಮಣ್ಣು ಸೇರಿಸಿ. ನಾಲ್ಕು ಸಂದುಗಳೂ ಒಳಗಿನಿಂದ ಮಣ್ಣು ಬಿದ್ದು ಮುಚ್ಚಿದವು. ಬೆಳಿಗ್ಗೆ 6.40ಕ್ಕೆ ಕೊಟ್ಟ ಬೆಂಕಿ ಒಂಬತ್ತೂವರೆಗೆ ಸತ್ತಿತು. ಬಿಚ್ಚಿ ನೋಡಿದರೆ ಕೆಳಗಿನ ಗೆಲ್ಲು ಮಾತ್ರ ಕಪ್ಪಾಗಿತ್ತು, ಎಲೆ ಹಾಗೆಯೇ ಇತ್ತು.

ಇವರು, ನನ್ನ ಗಂಡ, ಬೈಕ್‌ನಿಂದ ಒಂದು ಲೋಟ ಪೆಟ್ರೋಲ್ ತೆಗೆದು ತಂದರು. ನಾನು ಬಿಡಲಿಲ್ಲ. ಪೆಟ್ರೋಲ್ ಸುರಿದ ಕೂಡಲೇ ಅದರ ಆವಿ ಸುತ್ತ ಹರಡುತ್ತದೆ. ಕಡ್ಡಿ ಗೀರಿದರೆ ರಾಶಿಗಿಂತ ಮೊದಲು ಗೀರಿದವರ ಮುಖಕ್ಕೆ ಹೊಡೆಯುತ್ತದೆ. ಒಳಗೆ ಸ್ವಲ್ಪ ಕೆಂಡ ಇರುವಾಗಲಂತೂ ಹತ್ತಿರಕ್ಕೂ ತರಬಾರದು. ಆ ದಿನ ಎಲ್ಲ ಬಿಚ್ಚಿ, ನೀರು ಹಾಕಿ ತಣಿಸಿ, ಮಣ್ಣನ್ನು ಬಿಸಿಲಿಗೆ ಹರಡಿದೆವು. ಒಂದು ವಾರ ಒಣಗಲು ಬಿಟ್ಟೆ.

ಮಾರ್ಚ್ 8, 9: ಮೂರನೇ ಬೆಂಕಿ

8ನೇ ತಾರೀಕು ಪಂಚಾಯತಿಗೂ ಠಾಣೆಗೂ ಫೋನ್ ಮಾಡಿ ಹೇಳಿದೆ. ಸುತ್ತಲಿನ ನಾಲ್ಕು ಮನೆಗೆ ಹೋಗಿ ತಿಳಿಸಿದೆ. ಕೆಳಗಿನ ಮನೆಯ ಅಜ್ಜನಿಗೆ ದಮ್ಮು ಇದೆ. ಬೆಳಗಿನ ಗಾಳಿಗೆ ಹೊಗೆ ಹೋಗುವುದು ಅವರ ಮನೆ ಕಡೆಗೇ. ಅವರ ಸೊಸೆ, "ಆ ದಿನ ಅಜ್ಜನನ್ನು ಮಗಳ ಮನೆಗೆ ಬಿಟ್ಟು ಬರ್ತೇವೆ ಅಕ್ಕ, ನೀವು ಮುಗಿಸಿಕೊಳ್ಳಿ" ಅಂದಳು. ಹೇಳದೆ ಹಾಕಿದ್ದರೆ ಅಜ್ಜನ ಗತಿ ಏನಾಗುತ್ತಿತ್ತೋ.

ಕಸವನ್ನು ಹಿಂದಿನ ದಿನವೇ ಗುಂಡಿಗೆ ತುಂಬಿಸಿ ಇಡಲಿಲ್ಲ. ತರಗೆಲೆ ರಾಶಿಯಲ್ಲಿ ಹಾವು, ಕಪ್ಪೆ, ಓತಿ ಸೇರಿಕೊಳ್ಳುತ್ತವೆ. ಬೆಳಿಗ್ಗೆ ರೇಕ್‌ನಲ್ಲಿ ಎಳೆದು ಎಳೆದು ತಂದೆ. ಎರಡು ಕಪ್ಪೆ, ಒಂದು ಹಾವಿನ ಮರಿ ತಪ್ಪಿಸಿಕೊಂಡು ಹೋದವು. ಗೆಲ್ಲುಗಳನ್ನು ಒಂದೊಂದೇ ನೋಡಿ ಹಾಕಿದೆ. ಚೇರೆ ಮರದ್ದು ಒಂದು ಚೂರೂ ಸೇರಬಾರದು. ಅದರ ಸೊನೆ ತಾಗಿದರೆ ಮೈ ಊದಿಕೊಳ್ಳುತ್ತದೆ, ಹೊಗೆಯೂ ಕಣ್ಣಿಗೆ, ಉಸಿರಿಗೆ ಕೆಟ್ಟದ್ದು. ಗೇರುಬೀಜದ ಸಿಪ್ಪೆಯೂ ಬೇಡ. ತರಗೆಲೆಯ ನಡುವೆ ಹಾಲಿನ ತೊಟ್ಟೆ, ಶಾಂಪೂ ಪ್ಯಾಕೆಟ್, ನರ್ಸರಿ ಕವರ್ ಸೇರಿ ಅರ್ಧ ಬಕೆಟ್ ಪ್ಲಾಸ್ಟಿಕ್ ಸಿಕ್ಕಿತು. ಇದು ಸುಟ್ಟು ಬಸಳೆಯ ಬುಡಕ್ಕೆ ಹೋಗಿ, ಅಲ್ಲಿಂದ ನಮ್ಮ ಬಟ್ಟಲಿಗೆ ಬರುವುದು ಬೇಡ.

ಜೋಡಿಸಿದ್ದು ಹೀಗೆ. ತಳಕ್ಕೆ ಗೆರಟೆ (ತೆಂಗಿನ ಚಿಪ್ಪು) ಮತ್ತು ಕೊತ್ತಳಿಗೆ (ತೆಂಗಿನ ಗರಿಯ ಬುಡ), ಅಡ್ಡ ಉದ್ದ ಇಟ್ಟು. ಅದರ ಮೇಲೆ ಹೆಬ್ಬೆರಳು ದಪ್ಪದ ಗೆಲ್ಲು ಒಂದು ಅಡಿ. ನಡುವೆ ಒಂದು ಬಾಳೆ ದಿಂಡು ನೆಟ್ಟಗೆ ನಿಲ್ಲಿಸಿದೆ. ಸುತ್ತ ತರಗೆಲೆ ತುಳಿದು ಒಂದೂವರೆ ಅಡಿ. ಮೇಲೆ ಒಣಗಿದ ಮಣ್ಣು 4 ಇಂಚು, ಒಟ್ಟು 40 ಬುಟ್ಟಿ ಇತ್ತು, ಮೊದಲಿಗೆ 25 ಮಾತ್ರ ಹಾಕಿದೆ. ಆಮೇಲೆ ದಿಂಡು ಎಳೆದು ತೆಗೆದೆ. ಹೊಗೆ ಹೋಗಲು ನಡುವೆ ದಾರಿಯಾಯಿತು. ಕಲ್ಲಿನ ಸಂದುಗಳಲ್ಲಿ ಕೊತ್ತಳಿಗೆ ಅಡ್ಡ ಇಟ್ಟದ್ದರಿಂದ ಮಣ್ಣು ಬಿದ್ದು ಮುಚ್ಚಲಿಲ್ಲ.

ಹತ್ತಿಯ ಚೂಡಿದಾರ್, ಶಾಲು ಇಲ್ಲ, ಕೂದಲು ಕಟ್ಟಿ, ಕಾಲಿಗೆ ಇವರ ಹಳೆಯ ಚರ್ಮದ ಶೂ.

6.30ಕ್ಕೆ ಮಡಲಿನ (ತೆಂಗಿನ ಗರಿಯ) ಸೂಟೆ ಹೊತ್ತಿಸಿ ಪಡುವಿನ ಸಂದಿನಲ್ಲಿ ಕೊಟ್ಟೆ. ಬೆಳಗಿನ ಗಾಳಿ ಮೂಡಿನಿಂದ ಬರುವುದರಿಂದ ಬೆಂಕಿ ಗಾಳಿಗೆ ಎದುರಾಗಿ ನಿಧಾನ ಒಳಗೆ ನಡೆಯಬೇಕು, ಅದು ನನ್ನ ಲೆಕ್ಕ. ಸುತ್ತಲಿನ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಇತ್ತು. 7.15ಕ್ಕೆ ನಡುವಿನ ತೂತಿನಿಂದ ದಪ್ಪ ಬಿಳಿ ಹೊಗೆ. 8.00ಕ್ಕೆ ತೆಂಕು ಬದಿಯಲ್ಲಿ ನಾಲಿಗೆಯಷ್ಟು ಉರಿ ಹೊರಗೆ ಕಂಡಿತು, ಎರಡು ಬುಟ್ಟಿ ಮಣ್ಣು ಹಾಕಿದೆ. 9.30ರ ಹೊತ್ತಿಗೆ ರಾಶಿ ಒಂದು ಅಡಿ ಕುಸಿದಿತ್ತು. ಉಳಿದ ಮಣ್ಣು ಹಾಕಿ, 10.15ಕ್ಕೆ ನಡುವಿನ ತೂತು ಮುಚ್ಚಿ, ಮೂರು ಸಂದಿಗೆ ಕಲ್ಲಿನ ತುಂಡು ಇಟ್ಟೆ. ಒಂದು ಮಾತ್ರ ಬಿಟ್ಟೆ. ಪಡುಗಾಳಿ ಬಂದದ್ದು 11.40ಕ್ಕೆ. ಆಗ ಹೊರಗೆ ಉರಿ ಅನ್ನುವುದೇ ಇರಲಿಲ್ಲ. ಬೂದು ಹೊಗೆ ಮಾತ್ರ ಎಳೆ ಎಳೆಯಾಗಿ ಏರಿನ ಕಡೆ ಹೋಗುತ್ತಿತ್ತು.

ಆ ದಿನ ಅಡುಗೆ ಅತ್ತೆಯದು. ನಾನು ಸಂಜೆ ಆರರವರೆಗೆ ಗುಂಡಿ ಬಿಟ್ಟು ಹೋಗಲಿಲ್ಲ. ರಾತ್ರಿ ಹತ್ತಕ್ಕೆ, ಎರಡಕ್ಕೆ ಟಾರ್ಚ್ ಹಿಡಿದು ನಾನೂ ಇವರೂ ಸರದಿಯಲ್ಲಿ ನೋಡಿದೆವು.

ಮಾರ್ಚ್ 12, ಬುಧವಾರ: ಬೇರಿನ ಬೆಂಕಿ

ನಾಲ್ಕನೇ ದಿನ. ರಾಶಿ ತಣ್ಣಗಾಗುತ್ತಾ ಬಂದಿತ್ತು, ಹೊಗೆ ಇರಲಿಲ್ಲ. ಬೆಳಿಗ್ಗೆ ಬೆಂಡೆಗೆ ನೀರು ಬಿಡಲು ಹೋದಾಗ ಕಲ್ಲಿನಿಂದ 8 ಅಡಿ ದೂರದಲ್ಲಿ, ಬರಿ ನೆಲದಿಂದ, ಅಗರಬತ್ತಿಯಂಥ ಸಣ್ಣ ಹೊಗೆ ಕಂಡಿತು. ಹತ್ತಿರ ಹೋದರೆ ಚಪ್ಪಲಿಯ ಅಡಿಗೂ ಬಿಸಿ ತಾಗಿತು.

ಅಲ್ಲಿ ಐದು ವರ್ಷದ ಹಿಂದೆ ಕಡಿದ ಗೇರು ಮರದ ಬುಡ ಇತ್ತು. ಮಣ್ಣು ಮುಚ್ಚಿದ್ದರಿಂದ ಮರೆತೇ ಹೋಗಿತ್ತು. ಅದರ ಒಣ ಬೇರು ಗುಂಡಿಯ ಕೆಳಗೆ ಬಂದಿತ್ತು. ಕೆಂಡ ಆ ಬೇರಿಗೆ ಹಿಡಿದು ನೆಲದ ಒಳಗೇ ದಿನಕ್ಕೆ ಎರಡು ಅಡಿಯ ಹಾಗೆ ನಡೆದುಕೊಂಡು ಬಂದಿದೆ. 12 ಅಡಿ ಕೆರೆದ ಗೆರೆ ಮೇಲಿನ ಬೆಂಕಿಯನ್ನು ತಡೆಯುತ್ತದೆ, ಕೆಳಗಿನದನ್ನು ತಡೆಯುವುದಿಲ್ಲ. ಇನ್ನೆರಡು ದಿನ ನೋಡದಿದ್ದರೆ ಗೆರೆಯ ಆಚೆಗೆ ಎದ್ದುಬಿಡುತ್ತಿತ್ತು.

ಪಿಕ್ಕಾಸಿನಲ್ಲಿ ಬೇರಿನ ಜಾಡು ಹಿಡಿದು ಒಂದೂವರೆ ಅಡಿ ಆಳ ಅಗೆದೆವು. ಕೆಂಪು ಕೆಂಡ. ಅಗೆಯುವಾಗ ನೆಲ ಕುಸಿದು ಕಾಲು ಒಳಗೆ ಹೋಗಬಹುದು, ಅದಕ್ಕೆ ಹಲಗೆ ಹಾಕಿ ನಿಂತೆವು. ನೀರು ಸುರಿದು, ಹಾರೆಯಲ್ಲಿ ಕದಡಿ, ಮತ್ತೆ ಸುರಿದು, ಮುಂಗೈ ಹತ್ತಿರ ಹಿಡಿದು ಬಿಸಿ ಇದೆಯಾ ನೋಡಿದೆವು. 11 ಕೊಡಪಾನ ಹಿಡಿಯಿತು. ಮೇಲಿನಿಂದ ನೀರು ಹಾಕಿ ಮಣ್ಣು ಮುಚ್ಚಿದರೆ ಸಾಲದು. ಮೊದಲ ಸಲ ಹಾಗೆ ಮುಚ್ಚಿದೆ, ಅರ್ಧ ಗಂಟೆಯಲ್ಲಿ ಮತ್ತೆ ಹೊಗೆ ಬಂತು. ಬೇರನ್ನು ಕಡಿದು ಹೊರಗೆ ತೆಗೆದು ನೆನೆಸಿದ ಮೇಲೆಯೇ ನಿಂತದ್ದು.

ಗುಂಡಿ ತೋಡುವ ಮೊದಲು ಸುತ್ತ 15 ಅಡಿಯಲ್ಲಿ ಹಳೆಯ ಮರದ ಬುಡ ಏನಾದರೂ ಇತ್ತಾ ಅಂತ ಮನೆಯ ಹಿರಿಯರನ್ನು ಕೇಳಿ. ನಾನು ಕೇಳಿದ್ದರೆ ಅತ್ತೆ ಹೇಳುತ್ತಿದ್ದರು. ಅವರಿಗೆ ಆ ಮರ ಬೀಜ ಬಿಡುತ್ತಿದ್ದ ಕಾಲವೂ ನೆನಪಿದೆ.

ಮಾರ್ಚ್ 18ರಿಂದ 22: ಬಿಚ್ಚಿದ್ದು

ಒಂಬತ್ತು ದಿನ ಆದ ಮೇಲೆ ಪಡುವಿನ ಬದಿಯ ಕಲ್ಲು ತೆಗೆದೆ. ಆಗಲೂ ನಡುವೆ ಮುಷ್ಟಿಯಷ್ಟು ಕೆಂಡ ಜೀವ ಹಿಡಿದಿತ್ತು. ತೆಳ್ಳಗೆ ಹರಡಿ ನೀರು ಚಿಮುಕಿಸಿ ಎರಡು ದಿನ ಬಿಟ್ಟೆ. ಬಿಸಿ ಇರುವಾಗ ಪ್ಲಾಸ್ಟಿಕ್ ಗೋಣಿಗೆ ತುಂಬಿಸಿ ಹಟ್ಟಿಯಲ್ಲಿ ಇಟ್ಟರೆ ಬೈಹುಲ್ಲಿಗೆ ಬೆಂಕಿ ಕೊಟ್ಟ ಹಾಗೆಯೇ. ಒಟ್ಟು 43 ಬುಟ್ಟಿ ಬಂತು, ಜರಡಿ ಹಿಡಿದ ಮೇಲೆ 36. ಉಳಿದ ಗಟ್ಟಿ ಉಂಡೆ, ಅರೆ ಸುಟ್ಟ ಗೆಲ್ಲು ಗುಂಡಿಯಲ್ಲೇ ಇವೆ, ಮುಂದಿನ ಸಲಕ್ಕೆ. ಕಲ್ಲುಗಳಲ್ಲಿ ಎರಡು ಒಳಬದಿಯಲ್ಲಿ ಸೀಳಿವೆ, ಬಾಕಿ ಗಟ್ಟಿಯಾಗಿವೆ.

ಖರ್ಚು: ಗೆರೆ, ಡ್ರಮ್, ಪೈಪ್, ರೇಕ್ ಸೇರಿ 4,755. ಮೊದಲ ದಿನದ ತಪ್ಪಿಗೆ 2,590. ಒಟ್ಟು 7,345 ರೂಪಾಯಿ. ಮುಂದಿನ ವರ್ಷ ಗೆರೆ ಕೆರೆಯುವ ಖರ್ಚು ಮಾತ್ರ.

ಇನ್ನೊಂದು ಬದಲಾವಣೆ ಮಾಡಿದ್ದೇನೆ. ಮೊದಲು ಬೇಸಗೆಗೆ ಮೂರು ರಾಶಿ ಹಾಕುತ್ತಿದ್ದೆವು. ಈಗ ಒಂದೇ. ಉಳಿದ ತರಗೆಲೆಯೆಲ್ಲ ತೆಂಗಿನ ಬುಡಕ್ಕೆ ಒಂದು ಅಡಿ ದಪ್ಪ ಹಾಕಿ, ಮೇಲೆ ಸಿಪ್ಪೆ ಕವುಚಿ ಇಟ್ಟಿದ್ದೇನೆ.

ಕೆಲಸ ಎರಡು ಬಾಕಿ ಇದೆ. ಆ ಗೇರು ಬುಡ ಪೂರ್ತಿ ಅಗೆದು ತೆಗೆಯಬೇಕು. ಪದವಿನ ಅಂಚಿನ ಹುಲ್ಲನ್ನು ಡಿಸೆಂಬರ್‌ನಲ್ಲೇ, ಒಣಗುವ ಮೊದಲು, ಕೊಯ್ಯಬೇಕು. ಮೇಲಿನ ಮನೆಯ ಅಣ್ಣ ತಮ್ಮ ದನಕ್ಕೆ ಅದನ್ನು ಒಯ್ಯುತ್ತೇನೆ ಅಂದಿದ್ದಾರೆ.